ವಾಹನಗಳ ನಿಸ್ತಂತು ಸಂಭಾಷಣೆ

ರಸ್ತೆಯ ತಿರುವಿನಲ್ಲಿ, ಕವಿದ ಮಂಜಿನಲ್ಲಿ, ಮುಂದೆ ನಿಂತ ಲಾರಿಯ ಮರೆಯಲ್ಲಿ, ಎಲ್ಲೆಲ್ಲಿ ಮನುಷ್ಯನ ಕಣ್ಣು ಸೋಲುವುದೋ ಅಲ್ಲೆಲ್ಲ ಒಂದು ವಾಹನವು ತನ್ನ ಇರವನ್ನು ಮತ್ತೊಂದಕ್ಕೆ ತಾನೇ ಅರುಹುವಂತಾದರೆ ಎಷ್ಟೋ ಪ್ರಾಣಗಳು ಉಳಿದಾವೆಂಬ ಕಲ್ಪನೆಯು ನಮ್ಮ ಕಾಲದ ಯಂತ್ರವಿದ್ಯೆಗೆ ಹೊಳೆದ ಕರುಣಾಪೂರ್ಣ ಕಲ್ಪನೆಗಳಲ್ಲೊಂದೆಂದು ನಾನು ಭಾವಿಸುತ್ತೇನೆ. ಅಮೆರಿಕ ದೇಶವು 1999ರಲ್ಲಿಯೇ 5.9 ಗಿಗಾಹರ್ಟ್ಸ್ ವಲಯದಲ್ಲಿ 75 ಮೆಗಾಹರ್ಟ್ಸ್‌ನಷ್ಟು ರೇಡಿಯೋ ತರಂಗಪಟ್ಟಿಯನ್ನು ಇಂತಹ ಸಂಪರ್ಕಕ್ಕೆಂದು ಮೀಸಲಿಟ್ಟಿತು.

ಇದರ ವಿಧಾನವು ಸರಳವಾದದ್ದು. ಪ್ರತಿಯೊಂದು ವಾಹನವೂ ಸೆಕೆಂಡಿಗೆ ಹತ್ತು ಸಲ ತನ್ನ ಸ್ಥಾನ, ವೇಗ, ದಿಕ್ಕು, ಬ್ರೇಕು ಹಿಡಿದಿರುವುದೋ ಇಲ್ಲವೋ ಎಂಬಿಷ್ಟನ್ನು ಸುತ್ತಲಿನ ಸುಮಾರು 300 ಮೀಟರ್ ದೂರದವರೆಗೆ ಸಾರುತ್ತಿರುತ್ತದೆ; ಆ ದನಿಯನ್ನು ಕೇಳಿದ ವಾಹನವು ಇಬ್ಬರ ಪಥಗಳೂ ಸಂಧಿಸುವ ಸಂಭವವನ್ನು ಗಣಿಸಿ ಚಾಲಕನನ್ನು ಎಚ್ಚರಿಸುತ್ತದೆ. ಕ್ಯಾಮೆರಾ ಮತ್ತು ರೇಡಾರುಗಳಿಗೆ ಕಾಣುವುದು ಮರೆಯಿಲ್ಲದ್ದು ಮಾತ್ರ. ಈ ದನಿಯಾದರೋ ಮೂಲೆಯ ಆಚೆಯಿಂದಲೂ ಬಂದು ಮುಟ್ಟಬಲ್ಲದು. ಸಂದೇಶದಲ್ಲಿ ಒಡೆಯನ ಹೆಸರಾಗಲಿ ವಾಹನದ ನೋಂದಣಿ ಸಂಖ್ಯೆಯಾಗಲಿ ಇರಕೂಡದೆಂದೂ, ಸತ್ಯತೆಯನ್ನು ಸ್ಥಾಪಿಸುವ ಗುರುತುಪತ್ರಗಳು ಆಗಾಗ ಬದಲಾಗುತ್ತಿರಬೇಕೆಂದೂ ಯೋಜಿಸಿದವರ ವಿವೇಕವನ್ನು ಮೆಚ್ಚಲೇಬೇಕು.

2012ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆನ್ ಆರ್ಬರ್ ನಗರದಲ್ಲಿ ಸುಮಾರು 3,000 ವಾಹನಗಳಿಗೆ ಈ ಉಪಕರಣವನ್ನು ಜೋಡಿಸಿ, ನಿತ್ಯದ ಸಂಚಾರದಲ್ಲಿಯೇ ಪರೀಕ್ಷೆಯನ್ನು ಆರಂಭಿಸಿದರು. ಎರಡು ವರ್ಷಗಳ ತರುವಾಯ ಆ ದೇಶದ ಹೆದ್ದಾರಿ ಸುರಕ್ಷಾ ಆಡಳಿತವು, ಕೂಡುರಸ್ತೆಯ ಎಚ್ಚರಿಕೆ ಮತ್ತು ಎಡತಿರುವಿನ ಎಚ್ಚರಿಕೆ ಎಂಬ ಎರಡೇ ಉಪಯೋಗಗಳಿಂದ ವರ್ಷಕ್ಕೆ 5,92,000ದವರೆಗೆ ಅಪಘಾತಗಳು ತಪ್ಪಿ, 1,083 ಜೀವಗಳವರೆಗೆ ಉಳಿಯಬಹುದೆಂದು ಅಂದಾಜು ಮಾಡಿತು. (ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುವುದರಿಂದ, ನಮ್ಮ ಬಲತಿರುವಿನ ಗಂಡಾಂತರವೇ ಅವರಿಗೆ ಎಡತಿರುವಿನದು.)

ಇಷ್ಟಾದರೂ ಇದು ಏಕೆ ಫಲಿಸಲಿಲ್ಲ? ಸುರಕ್ಷಾಪಟ್ಟಿಯು ಕಟ್ಟಿಕೊಂಡವನನ್ನು ಕಾಯುತ್ತದೆ; ಈ ಉಪಕರಣವು ಎದುರಿನವನಲ್ಲಿಯೂ ಇದ್ದಲ್ಲದೆ ಯಾರನ್ನೂ ಕಾಯಲಾರದು. ಹತ್ತು ವಾಹನಗಳಲ್ಲಿ ಒಂದರಲ್ಲಿ ಇದು ಇದೆಯೆಂದರೆ, ನೂರು ಸಂಧಿಗಳಲ್ಲಿ ಒಂದರಲ್ಲಿ ಮಾತ್ರವೇ ಉಭಯರೂ ಮಾತನಾಡಬಲ್ಲರು. 2017ರ ಮಾದರಿಯ ಒಂದು ಕ್ಯಾಡಿಲಾಕ್ ಕಾರು ಈ ರೇಡಿಯೋವನ್ನು ಹೊತ್ತು ಬೀದಿಗಿಳಿದಾಗ ಅದರ ನುಡಿಯನ್ನು ಕೇಳಬಲ್ಲವರು ಬಹುಮಟ್ಟಿಗೆ ಯಾರೂ ಇರಲಿಲ್ಲ. ಇಂತಹ ವಸ್ತುವನ್ನು ಕೊಳ್ಳುವವನ ಇಚ್ಛೆಗೆ ಬಿಟ್ಟರೆ ಅದು ಎಂದಿಗೂ ಬೇರೂರದು. ಇದಕ್ಕೆ ಜನ್ಮಕೊಡಬಲ್ಲುದು ಶಾಸನವೊಂದೇ. ಹೊಸ ಕಾರುಗಳಿಗೆಲ್ಲ ಇದನ್ನು ಕಡ್ಡಾಯಗೊಳಿಸುವ ಕರಡು ನಿಯಮವು 2016ರ ಡಿಸೆಂಬರಿನಲ್ಲಿ ಹೊರಬಿದ್ದಿತಾದರೂ, ವೈಫೈ ಮೂಲದ ಹಳೆಯ ಪದ್ಧತಿಯೋ ಮೊಬೈಲ್ ಮೂಲದ ಹೊಸ ಪದ್ಧತಿಯೋ ಎಂಬ ವಾದದಲ್ಲಿ ವರ್ಷಗಳು ಕಳೆದುವು. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಎರಡರಲ್ಲಿ ಯಾವುದು ಮೇಲೆಂಬ ವಿಚಾರವನ್ನು ನಾನು ಗೌಣವೆಂದೇ ಎಣಿಸುತ್ತೇನೆ. ಯಾವುದನ್ನಾದರೂ ಎಲ್ಲರೂ ಒಪ್ಪಿದ್ದರೆ ಸಾಕಾಗಿತ್ತು.

ಹಾಗೆ ಒಪ್ಪಿದ್ದರೂ, ರೇಡಿಯೋ ಇಲ್ಲದೆ ನಡೆಯುವ ಪಾದಚಾರಿಗೆ ಈ ಸಂಪರ್ಕದಿಂದ ಒದಗುವ ರಕ್ಷೆ ಅತ್ಯಲ್ಪವೆಂಬುದು ಇದರಲ್ಲಿ ಉಳಿದೇ ಇರುವ ಕೊರತೆ.

ಕಡೆಗೆ 2020ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಆ 75 ಮೆಗಾಹರ್ಟ್ಸ್‌ನಲ್ಲಿ 45ನ್ನು ವೈಫೈಗೆ ಬಿಟ್ಟುಕೊಟ್ಟು, ಮಿಕ್ಕ 30ನ್ನು ಹೊಸ ಪದ್ಧತಿಯ ಪಾಲಿಗೆ ಇರಿಸಿತು. 2023ರಲ್ಲಿ ಕಡ್ಡಾಯದ ಕರಡನ್ನೂ ಹಿಂತೆಗೆದುಕೊಂಡರು.