ಕರೆಂಟಿಲ್ಲದಾಗ ಸೆನ್ಸರ್ ಏನು ಹೇಳುತ್ತದೆ?

ಹೊಸ ಕರೆಂಟ್ ಸೆನ್ಸರ್ ಕೈಗೆ ಬಂದರೆ ಅದು ಎಷ್ಟು ಆಂಪಿಯರ್‌ವರೆಗೆ ಅಳೆಯುತ್ತದೆ ಎಂದು ಕೇಳುವವರೇ ಹೆಚ್ಚು. ತಂತಿಯಲ್ಲಿ ಏನೂ ಹರಿಯದಿದ್ದಾಗ ಅದು ಏನು ತೋರಿಸುತ್ತದೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಲಭವಾಗಿ ಸಿಗುವ ಎಸಿಎಸ್712 ಚಿಪ್ಪನ್ನೇ ತೆಗೆದುಕೊಳ್ಳಿ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವೇ ಇದರ ಆಧಾರ. ಕರೆಂಟಿನ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು ಅಳೆದು ವೋಲ್ಟೇಜಾಗಿ ಕೊಡುತ್ತದೆ. 5 ವೋಲ್ಟ್ ಸಪ್ಲೈ ಇದ್ದರೆ ಸೊನ್ನೆ ಕರೆಂಟಿಗೆ 2.5 ವೋಲ್ಟ್ ಬರಬೇಕು. 20 ಆಂಪಿಯರ್ ಮಾದರಿಯಲ್ಲಿ ಅಲ್ಲಿಂದಾಚೆಗೆ ಪ್ರತಿ ಆಂಪಿಯರ್‌ಗೆ 100 ಮಿಲಿವೋಲ್ಟ್. 2.5ರ ಬದಲು 2.505 ಬಂತೆಂದರೆ, ಹರಿಯದೇ ಇರುವ 50 ಮಿಲಿಆಂಪಿಯರ್ ಹರಿದಂತೆ ಕಾಣುತ್ತದೆ. ಇದೇ ಆಫ್‌ಸೆಟ್.

ಹತ್ತು ಆಂಪಿಯರ್ ಅಳೆಯುವಾಗ ಇಷ್ಟು ತಪ್ಪು ಲೆಕ್ಕಕ್ಕಿಲ್ಲ. ಸೋಲಾರ್ ಬ್ಯಾಟರಿಯ ಚಾರ್ಜ್ ಲೆಕ್ಕ ಇಡುವಾಗ ಮಾತ್ರ ಹಾಗಲ್ಲ. ಅಲ್ಲಿ ಕ್ಷಣಕ್ಷಣದ ಕರೆಂಟನ್ನು ಕೂಡಿಸುತ್ತಾ ಹೋಗುತ್ತೇವೆ, ತಪ್ಪೂ ಕೂಡುತ್ತಾ ಹೋಗುತ್ತದೆ: ದಿನಕ್ಕೆ 1.2 ಆಂಪಿಯರ್-ಗಂಟೆ, ತಿಂಗಳಿಗೆ 36. ಬ್ಯಾಟರಿ 100 ಆಂಪಿಯರ್-ಗಂಟೆಯದಾದರೆ ಮೂರರಲ್ಲಿ ಒಂದು ಪಾಲಿಗೂ ಮೀರಿದ ಸುಳ್ಳು! ಎಸಿ ಅಳೆಯುವವರಿಗೆ ಈ ತಾಪತ್ರಯ ಕಡಿಮೆ. ಪೂರ್ತಿ ಆವರ್ತಗಳ ಸರಾಸರಿ ಸೊನ್ನೆಯಾಗಬೇಕಾದ್ದರಿಂದ, ಉಳಿದದ್ದನ್ನು ಕಳೆದರಾಯಿತು.

ಡಿಸಿಯಲ್ಲೂ ಶುರುವಿನಲ್ಲೇ ಒಮ್ಮೆ ಕಳೆದುಬಿಡಬಹುದಲ್ಲ ಎನ್ನಬಹುದು. ಸ್ಥಿರವಾದ ಆಫ್‌ಸೆಟ್‌ಗೆ ಆ ಉಪಾಯ ಸಾಕು. ಆದರೆ ಬಿಸಿಗೆ ಚಿಪ್ಪಿನ ಹೊದಿಕೆಯೂ ಒಳಗಿನ ಸಿಲಿಕಾನೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಸಿಲಿಕಾನಿನ ಮೇಲಿನ ಒತ್ತಡ ಬದಲಾಗುತ್ತದೆ, ಸೊನ್ನೆಯೇ ಜರುಗುತ್ತದೆ. ಬೆಳಿಗ್ಗೆ ಕಳೆದ ಸಂಖ್ಯೆ ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ. ನನ್ನ ಮಟ್ಟಿಗೆ ಆಫ್‌ಸೆಟ್‌ಗಿಂತ ಈ ಡ್ರಿಫ್ಟೇ ದೊಡ್ಡ ವೈರಿ. ಅನೇಕರು ಡ್ರಿಫ್ಟ್ ಎಂದು ದೂರುವುದು ಎಷ್ಟೋ ಸಲ ಸಪ್ಲೈಯ ತಪ್ಪಾಗಿರುತ್ತದೆ ಎನ್ನುವುದೂ ನಿಜ. ಈ ಚಿಪ್ಪಿನ ಸೊನ್ನೆ ಸಪ್ಲೈಯ ಅರ್ಧ. 5 ವೋಲ್ಟ್ 4.9ಕ್ಕೆ ಇಳಿದರೆ ಸೊನ್ನೆ 50 ಮಿಲಿವೋಲ್ಟ್ ಕೆಳಗೆ ಬೀಳುತ್ತದೆ. ಓದುವ ಬೋರ್ಡಿನ ರೆಫರೆನ್ಸ್ ವೋಲ್ಟೇಜ್ ಆ ಸಪ್ಲೈಯಿಂದ ಬೇರೆಯಾಗಿದ್ದರೆ ಅರ್ಧ ಆಂಪಿಯರ್ ತಪ್ಪು.

ಇಂಥ ಚಿಪ್ಪಿನ ಬದಲು ಶಂಟ್ (ತನ್ನ ಮೇಲೆ ಬೀಳುವ ವೋಲ್ಟೇಜಿನಿಂದ ಕರೆಂಟ್ ತಿಳಿಸುವ ಸಣ್ಣ ರೋಧಕ) ಬಳಸಿದರೆ ಎಲ್ಲ ಸರಿಹೋಗುತ್ತದೆಂದೂ ಅಲ್ಲ. ತಾಮ್ರದ ತುಂಡನ್ನೇ ಶಂಟ್ ಮಾಡಿಕೊಂಡರೆ ಅದರ ರೋಧ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ. ಕಾನ್‌ಸ್ಟಂಟನ್ ಮಿಶ್ರಲೋಹದ ರೋಧ ಹಾಗೆ ಏರುವುದಿಲ್ಲ, ಆದರೆ ತಾಮ್ರಕ್ಕೆ ಬೆಸೆದ ಕಡೆ ಅದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್ ತಾನೇ ಹುಟ್ಟಿಸುತ್ತದೆ. ಎರಡು ತುದಿಗಳ ನಡುವೆ ಎರಡೂವರೆ ಡಿಗ್ರಿ ವ್ಯತ್ಯಾಸವಿದ್ದರೆ 100 ಮೈಕ್ರೋವೋಲ್ಟ್. 1 ಮಿಲಿಓಮ್ ಶಂಟಿನಲ್ಲಿ ಅದು 100 ಮಿಲಿಆಂಪಿಯರ್‌ಗೆ ಸಮ. ಈ ಎರಡೂ ದೋಷ ತೀರಾ ಕಡಿಮೆ ಇರುವ ಮ್ಯಾಂಗನಿನ್ ಮಿಶ್ರಲೋಹವನ್ನು ಒಳ್ಳೆಯ ಶಂಟ್‌ಗಳಿಗೆ ಆರಿಸುವುದು ಅದಕ್ಕೇ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ.

ಕೊಂಡ ಸೆನ್ಸರನ್ನು ಜೋಡಿಸುವ ಮುಂಚೆ ಅಳೆಯುವ ತಂತಿ ಸೇರಿಸದೆ, ಸಪ್ಲೈ ಮಾತ್ರ ಕೊಟ್ಟು, ಹೇರ್ ಡ್ರೈಯರಿನಿಂದ ಮೆಲ್ಲಗೆ ಬಿಸಿ ಮಾಡಿ. ತಾಪ ಅಳೆಯಲು ಪಕ್ಕದಲ್ಲೊಂದು ಥರ್ಮಿಸ್ಟರ್ ಇರಲಿ. ತಾಪ ಏರಿದಂತೆ ಸೊನ್ನೆ ಒಂದೇ ಹದದಲ್ಲಿ ಸರಿದರೆ, ಯಾವ ತಾಪಕ್ಕೆ ಎಷ್ಟು ಸೊನ್ನೆ ಎಂಬ ಪಟ್ಟಿಯನ್ನು ಪ್ರೋಗ್ರಾಮಿಗೆ ಹಾಕಿ ಸರಿಪಡಿಸಬಹುದು. ತಣ್ಣಗಾದ ಮೇಲೂ ಮೊದಲಿನ ಜಾಗಕ್ಕೆ ಬಾರದಿದ್ದರೆ ಆ ಸೆನ್ಸರನ್ನು ಬ್ಯಾಟರಿ ಲೆಕ್ಕಕ್ಕೆ ಹಚ್ಚಬೇಡಿ.