ಸನ್ನದಿನ ಶಾಲೆ, ಚೀಟಿಯ ಸೀಟು

ಅಮೆರಿಕದ ಡೇವಿಸ್ ಗುಗೆನ್‌ಹೈಮ್ ಎಂಬ ನಿರ್ದೇಶಕರು 2010ರಲ್ಲಿ ತೆಗೆದ ‘ವೇಟಿಂಗ್ ಫಾರ್ ಸೂಪರ್‌ಮ್ಯಾನ್’ ಎಂಬ ಸಾಕ್ಷ್ಯಚಿತ್ರವನ್ನು ನಾನು ನೋಡಿದ್ದು ತೀರ ತಡವಾಗಿ. ಅದೂ ಆ ಚಿತ್ರವನ್ನು ಖಂಡಿಸಿದವರಲ್ಲಿ ಮುಖ್ಯರಾದ ಡಯೇನ್ ರಾವಿಚ್ ಅವರ ಗ್ರಂಥವನ್ನು ಓದಿ ಮುಗಿಸಿದ ಮೇಲೆ. ವಾದಿಯ ಮಾತು ಕೇಳುವ ಮೊದಲೇ ಪ್ರತಿವಾದಿಯ ತಕರಾರನ್ನು ಓದಿಬಿಟ್ಟವನು ನ್ಯಾಯ ಹೇಳಲು ಕುಳಿತ ಹಾಗಾಯಿತು. ಈ ದೋಷಕ್ಕೆ ಪರಿಹಾರವಾಗಿ ಚಿತ್ರವನ್ನು ಎರಡು ಸಲ ನೋಡಿದೆ. ಎರಡನೆಯ ಸಲವೂ ಕಣ್ಣು ಒದ್ದೆಯಾಯಿತೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಚಿತ್ರ ಪ್ರಾರಂಭವಾಗುವುದು ನಿರ್ದೇಶಕರ ತಪ್ಪೊಪ್ಪಿಗೆಯಿಂದ. ಸಾರ್ವಜನಿಕ ಶಾಲೆಗಳಲ್ಲಿ ನಂಬಿಕೆಯಿಟ್ಟವರು ತಾವು. ಆದರೂ ದಿನಾ ಬೆಳಿಗ್ಗೆ ಮೂರು ಸಾರ್ವಜನಿಕ ಶಾಲೆಗಳನ್ನು ದಾಟಿ ಕಾರು ಓಡಿಸಿಕೊಂಡು ಹೋಗಿ ಮಕ್ಕಳನ್ನು ಖಾಸಗಿ ಶಾಲೆಗೆ ಬಿಟ್ಟು ಬರುವುದಾಗಿ ಅವರೇ ಹೇಳಿಕೊಳ್ಳುತ್ತಾರೆ. ಈ ಮಾತು ಕೇಳಿದಾಗ ನಾನು ಕುರ್ಚಿಯಲ್ಲಿ ಸ್ವಲ್ಪ ಮಿಸುಕಾಡಿದೆ. ನಾನು ಓದಿದ್ದು ಸರ್ಕಾರಿ ಮಿಡ್ಲ್ ಸ್ಕೂಲಿನಲ್ಲಿ. ನನ್ನ ಮಗಳು ಓದಿದ್ದು ಕಾನ್ವೆಂಟಿನಲ್ಲಿ. ನಮ್ಮ ಮನೆಯಿಂದ ಕಾನ್ವೆಂಟಿಗೆ ಹೋಗುವ ದಾರಿಯಲ್ಲಿ ಸರ್ಕಾರಿ ಶಾಲೆ ಇದ್ದದ್ದು ಒಂದೇ, ಮೂರಲ್ಲ. ಅಷ್ಟರಿಂದ ನನ್ನ ಪಾಲಿನ ತಪ್ಪು ಮೂರರಲ್ಲೊಂದು ಭಾಗಕ್ಕೆ ಇಳಿಯುವುದಿಲ್ಲ. ಈ ಪುರವಣಿಯನ್ನು ಓದುವವರಲ್ಲಿ ಬಹುಮಂದಿ ಇದೇ ದಾರಿಯಲ್ಲಿ ಓಡಾಡಿದವರೇ ಇರಬೇಕು. ಅಮೆರಿಕದ ಶಾಲೆಗಳ ಜಗಳ ನಮಗೇಕೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ.

ಜಗಳದ ವಸ್ತು ‘ಚಾರ್ಟರ್ ಶಾಲೆ’. ಚಾರ್ಟರ್ ಎಂದರೆ ಸನ್ನದು. ನಮ್ಮ ದೇಶದ ಚರಿತ್ರೆ ಓದಿದವರಿಗೆ ಈ ಮಾತು ಕಿವಿಗೆ ಬಿದ್ದೊಡನೆ 1600ರಲ್ಲಿ ಎಲಿಜಬೆತ್ ರಾಣಿ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಸನ್ನದು ನೆನಪಾಗುವುದು ಸಹಜ. ಅದೇ ಕಂಪನಿಯ 1813ರ ಸನ್ನದಿನಲ್ಲಿ ಭಾರತೀಯರ ವಿದ್ಯಾಭ್ಯಾಸಕ್ಕೆಂದು ವರ್ಷಕ್ಕೆ ಒಂದು ಲಕ್ಷ ರೂಪಾಯಿ ತೆಗೆದಿಡಬೇಕೆಂದು ಬರೆದದ್ದೂ ನೆನಪಾಗಬಹುದು. ಅಮೆರಿಕದ ಸನ್ನದು ಅಷ್ಟು ಭಯಂಕರವಾದದ್ದಲ್ಲ. ಒಂದು ಸಂಸ್ಥೆ ಇಷ್ಟು ವರ್ಷಗಳಲ್ಲಿ ಮಕ್ಕಳಿಗೆ ಇಷ್ಟು ಕಲಿಸುತ್ತೇವೆಂದು ಒಪ್ಪಂದ ಬರೆದುಕೊಡುತ್ತದೆ. ಸರ್ಕಾರದ ಹಣದಲ್ಲಿ, ಫೀಜಿಲ್ಲದೆ, ಸರ್ಕಾರಿ ನಿಯಮಗಳ ಬಹುಪಾಲು ಕಟ್ಟುಗಳಿಂದ ಬಿಡುಗಡೆ ಪಡೆದು ಶಾಲೆ ನಡೆಸುತ್ತದೆ. ಮಾತು ತಪ್ಪಿದರೆ ಸನ್ನದು ರದ್ದು. ಬಂದ ಮಕ್ಕಳ ಸಂಖ್ಯೆ ಇರುವ ಸೀಟುಗಳಿಗಿಂತ ಹೆಚ್ಚಾದರೆ ಚೀಟಿ ಎತ್ತಬೇಕು. ನಮ್ಮ ಅನುದಾನಿತ ಶಾಲೆಗಳನ್ನು ಬಲ್ಲವರು ಇದೇನು ಹೊಸದೆಂದು ಕೇಳಿಯಾರು. ನಮ್ಮಲ್ಲಿ ಮೇಷ್ಟರ ಸಂಬಳದ ದರ, ನೇಮಕದ ಒಪ್ಪಿಗೆ, ಪಠ್ಯಪುಸ್ತಕ ಎಲ್ಲವೂ ಸರ್ಕಾರದ ಕೈಯಲ್ಲಿ. ಅಲ್ಲಿ ಹಣ ಮಾತ್ರ ಸರ್ಕಾರದ್ದು, ಮೇಷ್ಟರನ್ನು ಇಟ್ಟುಕೊಳ್ಳುವುದು, ತೆಗೆಯುವುದು ಶಾಲೆಯ ಇಷ್ಟ. ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಜಗಳವೆಲ್ಲ ಹುಟ್ಟಿದ್ದು ಅದರಿಂದಲೇ.

ವಿನೋದವೆಂದರೆ ಈ ಕಲ್ಪನೆಗೆ ಮೊದಲು ಪ್ರಚಾರ ಕೊಟ್ಟವರು ಮೇಷ್ಟರ ಸಂಘದ ನಾಯಕರೇ. ಅಮೆರಿಕದ ಎರಡು ದೊಡ್ಡ ಉಪಾಧ್ಯಾಯ ಸಂಘಗಳಲ್ಲಿ ಒಂದಕ್ಕೆ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶ್ಯಾಂಕರ್ 1988ರಲ್ಲಿ ಒಂದು ಭಾಷಣದಲ್ಲಿ ಇದನ್ನು ಮುಂದಿಟ್ಟರು. ಮಾಮೂಲು ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಕೆಲವರು ಮೇಷ್ಟರು ಸೇರಿ ಚಿಕ್ಕ ಪ್ರಯೋಗಶಾಲೆ ನಡೆಸಲಿ, ಅಲ್ಲಿ ಕಂಡುಕೊಂಡದ್ದನ್ನು ದೊಡ್ಡ ಶಾಲೆಗೆ ತಂದುಕೊಡಲಿ ಎಂಬುದು ಅವರ ಆಸೆ. ಮಿನ್ನೆಸೋಟ ಸಂಸ್ಥಾನ 1991ರಲ್ಲಿ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ತೆರೆಯಿತು. ಇನ್ನೂ ಎರಡು ವರ್ಷ ಕಳೆಯುವುದರೊಳಗೆ ಶ್ಯಾಂಕರ್ ತಮ್ಮ ಕೂಸಿನ ಮೇಲೆಯೇ ಮುನಿಸಿಕೊಂಡರು. ಪ್ರಯೋಗವೆಂದುಕೊಂಡದ್ದು ಪೈಪೋಟಿಯಾಗುತ್ತಿದೆ, ಮೇಷ್ಟರ ಕೈಯಿಂದ ಕಂಪನಿಗಳ ಕೈಗೆ ಹೋಗುತ್ತಿದೆ ಎಂಬುದು ಅವರ ದೂರು. ಶಾಲೆಗಳು ಮಾತ್ರ ಬೆಳೆಯುತ್ತ ಹೋಗಿ 2021–22ರ ಹೊತ್ತಿಗೆ ಸುಮಾರು 37 ಲಕ್ಷ ಮಕ್ಕಳು ಅವುಗಳಲ್ಲಿ ಓದುತ್ತಿದ್ದರು.

ಗುಗೆನ್‌ಹೈಮ್ ಅವರ ಚಿತ್ರಕ್ಕೆ ಈ ಚರಿತ್ರೆಯ ಗೊಡವೆಯಿಲ್ಲ. ಅದಕ್ಕೆ ಬೇಕಾದದ್ದು ಐದು ಮಕ್ಕಳು. ವಾಷಿಂಗ್‌ಟನ್, ನ್ಯೂಯಾರ್ಕ್, ಕ್ಯಾಲಿಫೋರ್ನಿಯಾಗಳ ಈ ಐವರನ್ನೂ ಚಿತ್ರ ಅವರವರ ಅಡಿಗೆಮನೆಗಳಲ್ಲಿ, ಹೋಂವರ್ಕಿನ ಮೇಜಿನ ಮುಂದೆ, ತಾಯಂದಿರ ಮತ್ತು ಅಜ್ಜಿಯರ ಪಕ್ಕದಲ್ಲಿ ನಮಗೆ ಪರಿಚಯ ಮಾಡಿಸಿಕೊಡುತ್ತದೆ. ಈ ಭಾಗ ಬಹಳ ಚೆನ್ನಾಗಿದೆ. ನಿರ್ದೇಶಕರು ಮಕ್ಕಳನ್ನು ಅಳಿಸುವುದಿಲ್ಲ, ಜಾಣರನ್ನಾಗಿ ಮೆರೆಸುವುದಿಲ್ಲ, ಸುಮ್ಮನೆ ಮಾತಾಡಿಸುತ್ತಾರೆ. ಕಡೆಗೆ ಐವರೂ ಬೇರೆ ಬೇರೆ ಶಾಲೆಗಳ ಲಾಟರಿಗೆ ಹೋಗಿ ಕೂರುತ್ತಾರೆ. ತಂಬೋಲದಲ್ಲಿರುವಂಥ ಸಂಖ್ಯೆಯ ಚೆಂಡುಗಳು ಉರುಳುತ್ತವೆ, ಹೆಸರುಗಳನ್ನು ಕೂಗುತ್ತಾರೆ; ಉಳಿದ ಸೀಟುಗಳು ಕಡಿಮೆಯಾಗುತ್ತ ಹೋದಂತೆ ತಾಯಂದಿರ ಮುಖಗಳು ಬಿಗಿಯುತ್ತವೆ. ಒಬ್ಬಳಿಗೆ ಸೀಟು ಸಿಗುತ್ತದೆ. ಅಜ್ಜಿ ಸಾಕಿದ ಹುಡುಗನೊಬ್ಬನಿಗೆ ಕಾದಿರುವವರ ಪಟ್ಟಿಯಿಂದ ಆಮೇಲೆ ಕರೆ ಬರುತ್ತದೆ. ಮೂವರಿಗೆ ಇಲ್ಲ.

ಇಲ್ಲಿ ನಾನು ತುಸು ನಿಂತು ಒಂದು ದೃಶ್ಯದ ಮಾತು ಹೇಳಬೇಕು. ಈ ಮೂವರಲ್ಲಿ ಒಬ್ಬಳು ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಪುಟ್ಟ ಹುಡುಗಿ. ತಾಯಿ ಕಷ್ಟಪಟ್ಟು ಫೀಜು ತೆತ್ತು ಮನೆಯ ಎದುರಿಗೇ ಇರುವ ಖಾಸಗಿ ಶಾಲೆಗೆ ಸೇರಿಸಿದ್ದಾಳೆ. ಸಂಪಾದನೆ ಕುಗ್ಗಿ ಫೀಜು ಬಾಕಿ ಬೀಳುತ್ತದೆ. ತರಗತಿಯ ಮಕ್ಕಳಿಗೆಲ್ಲ ಸಮಾರಂಭ ನಡೆಯುವ ದಿನ ಈ ಹುಡುಗಿಗೆ ಪ್ರವೇಶವಿಲ್ಲ. ತನ್ನ ಗೆಳತಿಯರು ಅಂದವಾಗಿ ಉಡುಪು ಹಾಕಿಕೊಂಡು ಬರುವುದನ್ನು ಅವಳು ಮನೆಯ ಕಿಟಕಿಯಿಂದ ನೋಡುತ್ತಾಳೆ. ಇಡೀ ಚಿತ್ರದಲ್ಲಿ ಇದಕ್ಕಿಂತ ಕರುಣಾಜನಕವಾದ ದೃಶ್ಯವಿಲ್ಲ. ಆದರೆ ಗಮನಿಸಬೇಕು: ಮಗುವನ್ನು ಹೊರಗೆ ನಿಲ್ಲಿಸಿದ್ದು ಸರ್ಕಾರಿ ಶಾಲೆಯಲ್ಲ, ಮೇಷ್ಟರ ಸಂಘವಲ್ಲ, ತಾಯಿಯೇ ಆರಿಸಿದ್ದ ಖಾಸಗಿ ಶಾಲೆ. ಆಯ್ಕೆಯ ಸ್ವಾತಂತ್ರ್ಯದಲ್ಲಿ ಆರಿಸುವವರು ತಂದೆತಾಯಿಗಳಷ್ಟೇ ಅಲ್ಲ, ಶಾಲೆಯೂ ಆರಿಸುತ್ತದೆ ಎಂಬ ಸತ್ಯ ಕ್ಯಾಮರಾದ ಕಣ್ಣಿಗೆ ಬಿದ್ದಿದೆ. ಚಿತ್ರದ ವಾದಕ್ಕೆ ಹೊಳೆದಿಲ್ಲ. ಕಣ್ಣೀರು ಒಂದು ಕಡೆಯಿಂದ ತಂದು ಕೋಪವನ್ನು ಇನ್ನೊಂದು ಕಡೆಗೆ ತಿರುಗಿಸಿದ್ದಾರೆ. ಕೋಪದ ಗುರಿ ಉದ್ದಕ್ಕೂ ಉಪಾಧ್ಯಾಯರ ಸಂಘಗಳು.

ಚಿತ್ರದ ಹೆಸರಿನ ಕತೆ ಜೆಫ್ರಿ ಕೆನಡಾ ಎಂಬುವರದು. ಸೂಪರ್‌ಮ್ಯಾನ್ ನಿಜವಲ್ಲವೆಂದು ಚಿಕ್ಕಂದಿನಲ್ಲಿ ತಾಯಿ ಹೇಳಿದಾಗ, ಹಾಗಾದರೆ ನಮ್ಮನ್ನು ಕಾಪಾಡುವಷ್ಟು ಶಕ್ತಿ ಇರುವವರು ಯಾರೂ ಬರುವುದಿಲ್ಲವೆಂದು ತಾವು ಅತ್ತದ್ದನ್ನು ಅವರು ನೆನೆಯುತ್ತಾರೆ. ಹೃದಯ ಮುಟ್ಟುವ ಮಾತು. ಅವರು ಹಾರ್ಲೆಮ್‌ನಲ್ಲಿ ಕಟ್ಟಿದ ಶಾಲೆಗಳ ಹಿಂದೆ ಶ್ರೀಮಂತ ದಾನಿಗಳ ಅಪಾರ ಹಣವಿತ್ತೆಂಬುದನ್ನು ರಾವಿಚ್ ನೆನಪಿಸುತ್ತಾರೆ. ಫಿನ್ಲೆಂಡಿನ ಶಾಲೆಗಳನ್ನು ಹೊಗಳುವ ಚಿತ್ರ ಅಲ್ಲಿಯ ಉಪಾಧ್ಯಾಯರು ಬಹುಮಟ್ಟಿಗೆ ಎಲ್ಲರೂ ಸಂಘಕ್ಕೆ ಸೇರಿದವರೆಂಬುದನ್ನು ಬಾಯಿ ಬಿಡುವುದಿಲ್ಲವೆಂದೂ ಅವರು ಚುಚ್ಚುತ್ತಾರೆ. ಈ ಚುಚ್ಚು ಸರಿಯಾದ ಜಾಗಕ್ಕೇ ತಗುಲಿದೆ.

ರಾವಿಚ್ ಅವರ ‘ದಿ ಡೆತ್ ಅಂಡ್ ಲೈಫ್ ಆಫ್ ದಿ ಗ್ರೇಟ್ ಅಮೆರಿಕನ್ ಸ್ಕೂಲ್ ಸಿಸ್ಟಂ’ ಹೊರಬಂದದ್ದೂ 2010ರಲ್ಲೇ. ನಗರಗಳನ್ನು ಕುರಿತು ಜೇನ್ ಜೇಕಬ್ಸ್ 1961ರಲ್ಲಿ ಬರೆದ ಪ್ರಸಿದ್ಧ ಗ್ರಂಥದ ಹೆಸರಿನ ನೆರಳಿನಲ್ಲಿ ಈ ಹೆಸರು ಹುಟ್ಟಿದೆ. ಲೇಖಕಿ ಶಿಕ್ಷಣದ ಚರಿತ್ರಕಾರ್ತಿ. ಹಿರಿಯ ಬುಷ್ ಅವರ ಸರ್ಕಾರದಲ್ಲಿ ವಿದ್ಯಾ ಇಲಾಖೆಯ ದೊಡ್ಡ ಹುದ್ದೆಯಲ್ಲಿದ್ದವರು. ಪರೀಕ್ಷೆ, ಪೈಪೋಟಿ, ಆಯ್ಕೆ ಇವೇ ಮದ್ದೆಂದು ವರ್ಷಗಟ್ಟಲೆ ವಾದಿಸಿ, ಕಡೆಗೆ ನನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡು ಬರೆದ ಪುಸ್ತಕ ಇದು. ವಿದ್ವಾಂಸರು ಎಪ್ಪತ್ತನ್ನು ಮುಟ್ಟಿದ ಮೇಲೆ ಅಭಿಪ್ರಾಯ ಬದಲಾಯಿಸುವುದು ನಮ್ಮಲ್ಲಂತೂ ಅಪರೂಪ; ಅದಕ್ಕಾಗಿಯೇ ಪುಸ್ತಕಕ್ಕೆ ಒಂದು ನಮಸ್ಕಾರ ಸಲ್ಲಬೇಕು.

ಆಯ್ಕೆಯೆಂಬ ಕಲ್ಪನೆಯ ವಂಶಾವಳಿಯನ್ನು ಹೇಳುವ ಅಧ್ಯಾಯ ನನಗೆ ಪುಸ್ತಕದ ಜೀವಾಳವಾಗಿ ಕಂಡಿತು. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ, ಸರ್ಕಾರ ಶಾಲೆ ನಡೆಸುವ ಬದಲು ತಂದೆತಾಯಿಗಳ ಕೈಗೆ ಚೀಟಿ ಕೊಡಲಿ, ಅವರು ಬೇಕಾದ ಶಾಲೆಯಲ್ಲಿ ಅದನ್ನು ಖರ್ಚು ಮಾಡಲಿ ಎಂದು ಬರೆದರು. ಅದರ ಹಿಂದಿನ ವರ್ಷವಷ್ಟೇ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಇಡುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ದಕ್ಷಿಣದ ಬಿಳಿಯರು ಆ ತೀರ್ಪಿನಿಂದ ತಪ್ಪಿಸಿಕೊಳ್ಳಲು ಹಿಡಿದ ಹೆಸರೂ ‘ಆಯ್ಕೆಯ ಸ್ವಾತಂತ್ರ್ಯ’ವೇ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಂತೂ 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳಿಗೆ ಬೀಗವನ್ನೇ ಹಾಕಿದರು. ಬಿಳಿಯ ಮಕ್ಕಳು ಖಾಸಗಿ ಶಾಲೆಗೆ ಹೋದರು, ಕರಿಯ ಮಕ್ಕಳು ಮನೆಯಲ್ಲಿ ಉಳಿದರು. ಫ್ರೀಡ್‌ಮನ್ ಅವರ ಉದ್ದೇಶ ಇದಾಗಿರಲಿಲ್ಲ, ನಿಜ. ಇಂದು ಸನ್ನದಿನ ಶಾಲೆಗೆ ಸಾಲುನಿಲ್ಲುವವರಲ್ಲಿ ಬಹುಮಂದಿ ಕರಿಯರ ಮತ್ತು ಲ್ಯಾಟಿನ್ ಅಮೆರಿಕ ಮೂಲದವರ ಮಕ್ಕಳೆಂಬುದೂ ನಿಜ. ಆದರೂ ಒಂದು ಮಾತು ಯಾರ ಮನೆಯಲ್ಲಿ ಬಾಡಿಗೆಗಿತ್ತೆಂದು ತಿಳಿದಿರುವುದು ಒಳ್ಳೆಯದು.

ಪುಸ್ತಕದ ದುರ್ಬಲ ಭಾಗ ಅಂಕಿಸಂಖ್ಯೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರೆಡೊ ಕೇಂದ್ರ 2009ರಲ್ಲಿ ಲೆಕ್ಕ ಹಾಕಿದಾಗ, ಗಣಿತದಲ್ಲಿ ಶೇಕಡ 17ರಷ್ಟು ಸನ್ನದಿನ ಶಾಲೆಗಳು ನೆರೆಯ ಸಾರ್ವಜನಿಕ ಶಾಲೆಗಳಿಗಿಂತ ಮೇಲಾಗಿದ್ದವು, 37ರಷ್ಟು ಕೆಳಗಿದ್ದವು, ಉಳಿದವುಗಳಲ್ಲಿ ವ್ಯತ್ಯಾಸವಿರಲಿಲ್ಲ. ರಾವಿಚ್ ಅವರಿಗೆ ಇದು ಬ್ರಹ್ಮಾಸ್ತ್ರ. ಆದರೆ ಅದೇ ಕೇಂದ್ರ 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಕ್ಕಡಿ ಇನ್ನೊಂದು ಕಡೆಗೆ ಸ್ವಲ್ಪ ವಾಲಿದೆ: ಸನ್ನದಿನ ಶಾಲೆಯ ಮಕ್ಕಳು ವರ್ಷಕ್ಕೆ ಓದಿನಲ್ಲಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. ಬಾಸ್ಟನ್ನಿನಲ್ಲಿ ಲಾಟರಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದ ಅರ್ಥಶಾಸ್ತ್ರಜ್ಞರಿಗೆ ಕಂಡ ಲಾಭ ಇನ್ನೂ ದೊಡ್ಡದು. ಇನ್ನೊಂದು ಕೊನೆಯಲ್ಲಿ ಓಹಿಯೋದ ಕಂಪ್ಯೂಟರ್ ಶಾಲೆ ಇದೆ: ಹಾಜರಿಯನ್ನು ಹೆಚ್ಚಿಸಿ ತೋರಿಸಿ ಪಡೆದ ಕೋಟ್ಯಂತರ ಡಾಲರುಗಳನ್ನು ಹಿಂದಿರುಗಿಸಬೇಕಾಗಿ ಬಂದು, 2018ರ ಜನವರಿಯಲ್ಲಿ, ವರ್ಷದ ನಡುವೆ, ಸುಮಾರು 12,000 ಮಕ್ಕಳನ್ನು ಬಿಟ್ಟು ಬಾಗಿಲು ಹಾಕಿತು. ‘ಚಾರ್ಟರ್’ ಎಂಬ ಒಂದೇ ಬೋರ್ಡಿನ ಕೆಳಗೆ ಇವೆರಡೂ ಇರುವಾಗ, ಒಟ್ಟಾರೆ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅರ್ಥ ಕಡಿಮೆ.

ಒಳ್ಳೆಯ ಶಾಲೆಗಳಿರುವ ಬಾಸ್ಟನ್ ಮಸಾಚುಸೆಟ್ಸ್ ಸಂಸ್ಥಾನದ ರಾಜಧಾನಿ. ಅಲ್ಲಿ 2016ರಲ್ಲಿ ಇಂಥ ಶಾಲೆಗಳನ್ನು ಹೆಚ್ಚಿಸೋಣವೇ ಎಂದು ಜನರನ್ನೇ ಕೇಳಿದರು. ಶೇಕಡ 62ರಷ್ಟು ಮಂದಿ ಬೇಡವೆಂದರು. ಇದು ಮೂರ್ಖತನವಲ್ಲ. ಮಗು ಹೋದರೆ ಅದರ ಪಾಲಿನ ಹಣವೂ ಅದರ ಹಿಂದೆ ಹೋಗುತ್ತದೆ. ಇಪ್ಪತ್ತು ಮಂದಿ ಉಣ್ಣುವ ಮೆಸ್ಸಿನಲ್ಲಿ ನಾಲ್ವರು ಬಿಟ್ಟುಹೋದರೆ ಅಕ್ಕಿಯ ಖರ್ಚು ಕಡಿಮೆಯಾದೀತು. ಕಟ್ಟಡದ ಬಾಡಿಗೆ, ಅಡಿಗೆಯವನ ಸಂಬಳ ಕಡಿಮೆಯಾಗುವುದಿಲ್ಲ. ಉಳಿದ ಹದಿನಾರು ಮಂದಿಯ ಸಾರು ನೀರಾಗುತ್ತದೆ. ಉಳಿದವರ ತಂದೆತಾಯಿಗಳು ಓಟು ಹಾಕಿದ್ದು ಆ ಸಾರಿನ ಮೇಲೆ.

ರಾವಿಚ್ ಅವರ ಮೇಲೆ ನನ್ನ ನಿಜವಾದ ಆಕ್ಷೇಪಣೆ ಅಂಕಿಗಳದ್ದಲ್ಲ. ಒಳ್ಳೆಯ ಪಠ್ಯ, ಒಳ್ಳೆಯ ಮೇಷ್ಟರು, ಬಡತನದ ನಿವಾರಣೆ ಇವುಗಳಿಂದಲೇ ಸಾರ್ವಜನಿಕ ಶಾಲೆ ಉದ್ಧಾರವಾಗಬೇಕೆಂದು ಅವರು ಹೇಳುವುದು ಸರಿ. ಆದರೆ ಅದೆಲ್ಲ ಆಗುವ ಹೊತ್ತಿಗೆ ಕಿಟಕಿಯಲ್ಲಿ ನಿಂತ ಹುಡುಗಿಗೆ ವಯಸ್ಸೆಷ್ಟಾಗಿರುತ್ತದೆ? ತಾಯಿಗೆ ಬೇಕಾಗಿದ್ದದ್ದು ಬರುವ ಶಾಲಾವರ್ಷದ ಮಾತು. ಆ ಅವಸರವನ್ನು ಅರಿತದ್ದು ಚಿತ್ರ, ಪುಸ್ತಕವಲ್ಲ.

ನಮ್ಮಲ್ಲೂ ಚೀಟಿ ಎತ್ತುವುದು ಗೊತ್ತಿಲ್ಲದ ವಿಷಯವಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಖಾಸಗಿ ಶಾಲೆಗಳ ಕಾಲು ಭಾಗ ಸೀಟುಗಳನ್ನು ಬಡವರಿಗೂ ಹಿಂದುಳಿದವರಿಗೂ ತೆಗೆದಿಟ್ಟಿತು. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಯ ದೊಡ್ಡ ಮಗಳಿಗೆ 2016ರಲ್ಲಿ ಹಾಗೆ ಒಂದು ಸೀಟು ಬಂತು. ಅಂದು ಆಕೆ ನಮಗೆಲ್ಲ ಪೇಡೆ ಹಂಚಿದಳು. 2019ರಿಂದ ಕರ್ನಾಟಕದಲ್ಲಿ ನಿಯಮ ಬದಲಾಗಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟಿಲ್ಲವೆಂದಾಯಿತು. ಸರ್ಕಾರಿ ಶಾಲೆಯನ್ನು ಉಳಿಸಲು ಇದು ನ್ಯಾಯವಾದ ಕ್ರಮವೆಂದು ನಾನು ಆಗ ವಾದಿಸಿದ್ದೆ. ಈಗಲೂ ಹಾಗೆಯೇ ಅನ್ನಿಸುತ್ತದೆ. ಆದರೆ ಚಿಕ್ಕ ಮಗಳು ಮನೆಯ ಪಕ್ಕದ ಸರ್ಕಾರಿ ಶಾಲೆಗೆ ಹೋದಳು. “ಅಕ್ಕ ಹೋಗೋ ವ್ಯಾನಲ್ಲಿ ನಾನ್ಯಾಕೆ ಹೋಗಬಾರದು ಅಂತ ದಿನಾ ಕೇಳ್ತಾಳೆ ಸಾರ್” ಎಂದು ಆಕೆ ಒಮ್ಮೆ ಹೇಳಿದಾಗ, ಮಗಳನ್ನು ಕಾನ್ವೆಂಟಿಗೆ ಬಿಟ್ಟು ಬರುತ್ತಿದ್ದ ನಾನು ಕೊಡಬಹುದಾದ ಉತ್ತರ ಯಾವುದೂ ಇರಲಿಲ್ಲ.

ಓದುಗರಿಗೆ ನನ್ನ ಸಲಹೆ: ಎರಡನ್ನೂ ನೋಡಿ, ಚಿತ್ರವನ್ನು ಮೊದಲು, ಪುಸ್ತಕವನ್ನು ಆಮೇಲೆ. ಚಿತ್ರದ ಕೊನೆಯಲ್ಲಿ ಲಾಟರಿಯ ಸಭಾಂಗಣದಿಂದ ಸೋತವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಮಾರನೆಯ ಬೆಳಿಗ್ಗೆ ಆ ಮಕ್ಕಳು ಯಾವ ಶಾಲೆಗೆ ಹೋದರು, ಅಲ್ಲಿ ಹಾಜರಿ ಕೂಗಿದ ಮೇಷ್ಟರು ಯಾರು, ಅವರ ಮುಖ ಹೇಗಿತ್ತು ಎಂದು ನೋಡಲು ನಾನು ಕಾದಿದ್ದೆ. ಕ್ಯಾಮರಾ ಅಲ್ಲಿಗೆ ಹೋಗಲಿಲ್ಲ.