ಗುರುವಿನ ಕೈ, ಶಿಷ್ಯನ ಕಣ್ಣು

ನಿಮ್ಮಲ್ಲಿ ನಡುವಯಸ್ಸು ದಾಟಿದವರಿಗೆ ಹಳೆಯ ಚಿತ್ರಮಂದಿರಗಳ ಒಂದು ಪದ್ಧತಿ ನೆನಪಿರಬಹುದು. ಮುಖ್ಯ ಚಿತ್ರ ಆರಂಭವಾಗುವುದಕ್ಕೆ ಮೊದಲು, ಕೇಂದ್ರ ಸರಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ಕಿರುಚಿತ್ರವೊಂದನ್ನು ಕಡ್ಡಾಯವಾಗಿ ತೋರಿಸಲಾಗುತ್ತಿತ್ತು. ನೆರೆಹಾವಳಿ, ಅಣೆಕಟ್ಟಿನ ಉದ್ಘಾಟನೆ, ಕುಟುಂಬ ಯೋಜನೆ ಇವುಗಳ ನಡುವೆ ಒಮ್ಮೊಮ್ಮೆ ಯಾರೋ ಒಬ್ಬ ಚಿತ್ರಕಾರರ ಅಥವಾ ಸಂಗೀತಗಾರರ ಜೀವನವೂ ತೆರೆಯ ಮೇಲೆ ಹಾದುಹೋಗುತ್ತಿತ್ತು. ನಾವಾದರೋ ಎಲ್ಲವನ್ನೂ 'ನ್ಯೂಸ್ ರೀಲ್' ಎಂದೇ ಕರೆದು, ಆ ಹೊತ್ತನ್ನು ಕಡಲೆಕಾಯಿ ಕೊಳ್ಳುವುದಕ್ಕೆ ಬಳಸಿಕೊಳ್ಳುತ್ತಿದ್ದೆವು. 1948ರಲ್ಲಿ ಆರಂಭವಾದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಕಡಲೆಕಾಯಿ ಮೆಲ್ಲುತ್ತ ನಾವು ಕಳೆದುಕೊಂಡದ್ದೇನು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಕಲಾವಿದರ, ಸಾಹಿತಿಗಳ ಕುರಿತ ಸಾಕ್ಷ್ಯಚಿತ್ರಗಳೆಂದರೆ ನಮ್ಮಲ್ಲಿ ಅನೇಕರಿಗೆ ಒಂದು ಬಗೆಯ ಬೇಸರವಿದೆ. ಆ ಬೇಸರಕ್ಕೆ ಕಾರಣವೂ ಇಲ್ಲದಿಲ್ಲ. ಹುಟ್ಟೂರಿನ ಮನೆ, ಹಳೆಯ ಭಾವಚಿತ್ರ, ಪ್ರಶಸ್ತಿಗಳ ಸಾಲು, ಪುಸ್ತಕದ ಕಪಾಟಿನ ಮುಂದೆ ಕುಳಿತು ಹೊಗಳುವ ನಾಲ್ಕು ಗಣ್ಯರು, ಹಿನ್ನೆಲೆಯಲ್ಲಿ ಒಂದು ಕೊಳಲು: ಈ ಅಚ್ಚಿನಲ್ಲಿ ಎರಕವಾದ ಎಷ್ಟೋ ಚಿತ್ರಗಳನ್ನು ದೂರದರ್ಶನದಲ್ಲಿ ನಾವು ಕಂಡಿದ್ದೇವೆ. ವ್ಯಕ್ತಿಯ ಹೆಸರನ್ನು ಬದಲಿಸಿದರೆ ಅದೇ ಚಿತ್ರ ಇನ್ನೊಬ್ಬರಿಗೂ ಸಲ್ಲುತ್ತದೆ. ಇಂಥ ಚಿತ್ರಗಳು ಸುಳ್ಳು ಹೇಳುತ್ತವೆಂದಲ್ಲ. ಆ ಮನುಷ್ಯನು ದೊಡ್ಡವನೆಂದು ಅವು ನಮ್ಮಿಂದ ಒಪ್ಪಿಸುತ್ತವೆ. ಆದರೆ ಅವನು ಮಾಡಿದ ಕೆಲಸವನ್ನು ನಮಗೆ ತೋರಿಸುವುದಿಲ್ಲ.

ಹೀಗಿರುವಾಗ ಸತ್ಯಜಿತ್ ರಾಯ್ ಅವರ 'ದಿ ಇನ್ನರ್ ಐ' ಎಂಬ ಇಪ್ಪತ್ತು ನಿಮಿಷಗಳ ಚಿತ್ರವನ್ನು ಕುರಿತು ನಿಮ್ಮೊಡನೆ ಮಾತನಾಡಬೇಕೆನಿಸಿದೆ. 'ಒಳಗಣ್ಣು' ಎಂದು ಅದರ ಹೆಸರನ್ನು ಕನ್ನಡದಲ್ಲಿ ಹೇಳಬಹುದು. 1972ರಲ್ಲಿ ಇದೇ ಫಿಲ್ಮ್ಸ್ ಡಿವಿಷನ್ನಿಗಾಗಿ ರಾಯ್ ಅವರು ತಮ್ಮ ಗುರು ಬಿನೋದ್ ಬಿಹಾರಿ ಮುಖರ್ಜಿಯವರ ಬಗ್ಗೆ ಇದನ್ನು ಮಾಡಿದರು. 1940ರಿಂದ 1942ರವರೆಗೆ ಶಾಂತಿನಿಕೇತನದ ಕಲಾಭವನದಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ನಂದಲಾಲ್ ಬಸು ಹಾಗೂ ಬಿನೋದ್ ಬಿಹಾರಿ ಇಬ್ಬರ ಕೈಕೆಳಗೂ ಕಲಿತವರು. ಚಿತ್ರ ಮಾಡುವ ವೇಳೆಗೆ ಶಿಷ್ಯನು ಜಗತ್ಪ್ರಸಿದ್ಧ. ಗುರುವನ್ನು ಕಲಾವಲಯದ ಆಚೆಗೆ ಬಲ್ಲವರು ವಿರಳ. ಅಷ್ಟೇ ಅಲ್ಲ, ಗುರುವಿಗೆ ಆಗ ಕಣ್ಣು ಕಾಣುತ್ತಿರಲಿಲ್ಲ.

ಬಿನೋದ್ ಬಿಹಾರಿಯವರು 1904ರಲ್ಲಿ ಹುಟ್ಟುವಾಗಲೇ ಒಂದು ಕಣ್ಣಿಗೆ ದೃಷ್ಟಿಯಿರಲಿಲ್ಲ. ಇನ್ನೊಂದರ ದೃಷ್ಟಿ ಬಹಳ ಮಂದವಾಗಿತ್ತು. ಎಲ್ಲರಂತೆ ಶಾಲೆಯ ಓದನ್ನು ಮುಂದುವರಿಸುವುದು ಕಷ್ಟವಾಗಿದ್ದ ಹುಡುಗ ಶಾಂತಿನಿಕೇತನಕ್ಕೆ ಬಂದನು, 1919ರಲ್ಲಿ ಕಲಾಭವನವನ್ನು ಸೇರಿದನು. ಮುಂದೆ ಅಲ್ಲಿಯೇ ಅಧ್ಯಾಪಕನಾಗಿ, 1930ರ ದಶಕದಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕುಂಚ ಮಸಿಗಳ ಕಲೆಯನ್ನು ಕಂಡುಬಂದನು. ಬಳಿಕ ಶಾಂತಿನಿಕೇತನದ ಗೋಡೆಗಳ ಮೇಲೆ ದೊಡ್ಡ ಭಿತ್ತಿಚಿತ್ರಗಳನ್ನು ಬರೆದನು. ಐವತ್ತರ ಹೊಸ್ತಿಲನ್ನು ದಾಟಿದ ಮೇಲೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಫಲಿಸದೆ, ಉಳಿದಿದ್ದ ದೃಷ್ಟಿಯೂ ಹೋಯಿತು.

ಈ ಕಥೆ ನಮ್ಮ ಸಾಮಾನ್ಯ ಚಿತ್ರನಿರ್ಮಾಪಕರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ. ದೃಷ್ಟಿ ಹೋದ ಗಳಿಗೆಯೇ ಚಿತ್ರದ ನಡುಮಧ್ಯೆ ಬಂದು ನಿಲ್ಲುತ್ತಿತ್ತು, ಪಿಟೀಲು ಅಳುತ್ತಿತ್ತು, ನಾವೂ ಅಳುತ್ತಿದ್ದೆವು. ರಾಯ್ ಅವರು ಹಾಗೆ ಮಾಡಲಿಲ್ಲ. ತೆರೆಯ ಮೇಲೆ ನಾವು ಕಾಣುವುದು ಕಪ್ಪು ಕನ್ನಡಕ ಧರಿಸಿದ ಹಿರಿಯರೊಬ್ಬರು ಕೆಲಸದಲ್ಲಿ ತೊಡಗಿರುವುದನ್ನು. ಕಾಗದವನ್ನು ಮಡಿಸಿ, ಬೆರಳಿನಿಂದ ತಡವಿ, ಆಕೃತಿಗಳನ್ನು ಮಾಡುತ್ತಾರೆ. ಕಲಾಭವನದ ಗೋಡೆಯೊಂದಕ್ಕೆ ಸುಟ್ಟ ಮಣ್ಣಿನ ಬಿಲ್ಲೆಗಳಿಂದ ರೂಪುಗೊಳ್ಳುತ್ತಿರುವ ಹೊಸ ಭಿತ್ತಿಚಿತ್ರಕ್ಕೆ ಅವೇ ಆಧಾರ. ಚಿತ್ರಕ್ಕೆ ಬರೆಹ, ಸಂಗೀತ, ನಿರೂಪಣೆಯ ಧ್ವನಿ ಮೂರೂ ರಾಯ್ ಅವರವೇ. ಆ ಧ್ವನಿಯಲ್ಲಿ ಕನಿಕರವೂ ಇಲ್ಲ, ಜಯಘೋಷವೂ ಇಲ್ಲ. ಜನನ, ವಿದ್ಯಾಭ್ಯಾಸ, ಪ್ರವಾಸಗಳನ್ನು ಹೇಳಿದ ಸ್ವರದಲ್ಲಿಯೇ ದೃಷ್ಟಿನಾಶವನ್ನೂ ಹೇಳಿ ಅದು ಮುಂದೆ ಸಾಗುತ್ತದೆ. ಗುರುವಿನ ಕುರುಡುತನವನ್ನು ಸುದ್ದಿಯನ್ನಾಗಿ ಮಾಡದಿರುವುದೇ ಗುರುವಿಗೆ ತೋರಿಸುವ ಗೌರವವೆಂದು ಶಿಷ್ಯನು ಬಗೆದಂತಿದೆ.

ಚಿತ್ರದ ಹೃದಯವೆಂದರೆ ಹಿಂದಿಭವನದ ಭಿತ್ತಿಚಿತ್ರ. ಮಧ್ಯಯುಗದ ಸಂತರ ಬದುಕನ್ನು ಕುರಿತ ಈ ಚಿತ್ರವನ್ನು 1946-47ರಲ್ಲಿ, ದೇಶವು ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತು ಮತದ ಹೆಸರಿನಲ್ಲಿ ರಕ್ತ ಹರಿಸುತ್ತಿದ್ದ ದಿನಗಳಲ್ಲಿ, ಬಿನೋದ್ ಬಿಹಾರಿ ಮೂರು ಗೋಡೆಗಳ ಮೇಲೆ ಬರೆದರು. ರಾಮಾನುಜರು, ಕಬೀರ, ಸೂರದಾಸ, ತುಲಸೀದಾಸರು ಅಲ್ಲಿ ಇದ್ದಾರೆ. ಆದರೆ ಪೀಠದ ಮೇಲೆ ಕುಳಿತವರಾಗಿ ಅಲ್ಲ. ನೇಯುವವರು, ಹೊರೆ ಹೊತ್ತವರು, ತಾಯಂದಿರು, ಮಕ್ಕಳು ಇವರ ಪ್ರವಾಹದೊಳಗೆ ಬೆರೆತವರಾಗಿ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ಕಂಡವರಿಗೆ ಇಂಥ ಕೆಲಸದ ಕಷ್ಟ ಸ್ವಲ್ಪ ತಿಳಿದೀತು. ಬ್ರದರ್ ಅಂತೋನಿಯೊ ಮೊಸ್ಕೇನಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಗೋಡೆಗಳ ಮೇಲೆ ಬಳಸಿದ್ದೂ ಇದೇ ವಿಧಾನವನ್ನು. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗಿದ ಮೇಲೆ ತಿದ್ದುವಂತಿಲ್ಲ. ಆದ್ದರಿಂದ ಕಲಾವಿದರು ಸಾಮಾನ್ಯವಾಗಿ ಗೋಡೆಯಷ್ಟೇ ದೊಡ್ಡ ನಕ್ಷೆಯನ್ನು ಮೊದಲು ಕಾಗದದ ಮೇಲೆ ಸಿದ್ಧಪಡಿಸಿ ಅದನ್ನು ಗಾರೆಯ ಮೇಲಕ್ಕೆ ಇಳಿಸಿಕೊಳ್ಳುತ್ತಾರೆ. ಬಿನೋದ್ ಬಿಹಾರಿ ಅಂಥ ನಕ್ಷೆಯಿಲ್ಲದೆ ನೇರವಾಗಿ ಗೋಡೆಯ ಮೇಲೆ ಬರೆದರು. ಅವರ ಮಂದವಾದ ಒಂದೇ ಕಣ್ಣಿಗೆ ಹತ್ತಿರದ ಕೆಲವು ಅಡಿಗಳಲ್ಲದೆ ಇಡೀ ಗೋಡೆ ಒಮ್ಮೆಲೇ ಕಂಡಿರಲಾರದು. ಇಡೀ ಚಿತ್ರವು ಮೊದಲು ಅವರ ಮನಸ್ಸಿನಲ್ಲಿಯೇ ಇದ್ದಿರಬೇಕು.

ಇಲ್ಲಿ ರಾಯ್ ಅವರ ಕ್ಯಾಮರಾ ಮಾಡುವುದನ್ನು ಗಮನಿಸಿ. ಅದು ಗೋಡೆಯ ಗುಂಟ ನಿಧಾನವಾಗಿ ಸಾಗುತ್ತದೆ. ಎಡದಿಂದ ಬಲಕ್ಕೆ, ನದಿಯ ದಡದಲ್ಲಿ ನಡೆಯುವವನಂತೆ. ಗೋಡೆಯ ಮುಂದೆ ನಿಂತ ಮನುಷ್ಯನು ಹೇಗೆ ಸ್ವಲ್ಪ ಸ್ವಲ್ಪವಾಗಿ ನೋಡಬೇಕೋ ಹಾಗೆಯೇ ನೋಡಿಸುತ್ತದೆ. ಹೀಗೆ ನೋಡುವಾಗ ನನಗೆ ಸೂರದಾಸರ ಬಳಿ ಮನಸ್ಸು ನಿಂತಿತು. ಸೂರದಾಸರು ಕುರುಡರೆಂಬುದು ಪರಂಪರೆಯ ನಂಬಿಕೆ. ತನ್ನ ಕಣ್ಣೂ ಒಂದು ದಿನ ಪೂರ್ತಿ ಆರಿಹೋಗಲಿದೆಯೆಂದು ಅರಿಯದ ಚಿತ್ರಕಾರನು, ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ ಆ ಹಾಡುಗಾರನನ್ನು ಗೋಡೆಯ ಮೇಲೆ ಕೂರಿಸಿದ್ದನು.

ಕೊನೆಯಲ್ಲಿ ನಿಖಿಲ್ ಬ್ಯಾನರ್ಜಿಯವರ ಸಿತಾರಿನಲ್ಲಿ ಅಸಾವರಿ ಕೇಳಿಬರುತ್ತದೆ. ಅದು ಬೆಳಗಿನ ರಾಗ. ಕುರುಡುತನದ ಕಥೆಯನ್ನು ಮುಗಿಸಲು ಇರುಳಿನ ರಾಗವನ್ನು ಆರಿಸದೆ ಬೆಳಗಿನ ರಾಗವನ್ನು ಆರಿಸಿದ್ದು ಆಕಸ್ಮಿಕವಾಗಿರಲಾರದು.

ಚಿತ್ರದಲ್ಲಿ ಕೊರತೆಯಿಲ್ಲವೇ? ಇದೆ. ಇಪ್ಪತ್ತು ನಿಮಿಷ ಈ ಬದುಕಿಗೆ ಸಾಲದು. ನೇಪಾಳದ ವರ್ಷಗಳು, ಮಸ್ಸೂರಿಯಲ್ಲಿ ಕಲಾಶಿಕ್ಷಣಕ್ಕಾಗಿ ಪಟ್ಟ ಶ್ರಮ, ಇವೆಲ್ಲ ಕಿಟಕಿಯಾಚೆ ಓಡುವ ನಿಲ್ದಾಣಗಳಂತೆ ಹಾದುಹೋಗುತ್ತವೆ. ನಿರೂಪಣೆ ಇಂಗ್ಲಿಷಿನಲ್ಲಿರುವುದರಿಂದ, ಬಂಗಾಳಿಯಲ್ಲಿ ಮಾತನಾಡಿಕೊಳ್ಳುತ್ತಿದ್ದ ಗುರುಶಿಷ್ಯರ ನಡುವಿನ ಸಲಿಗೆ ನಮ್ಮ ಕಿವಿಗೆ ತಲಪುವುದಿಲ್ಲ.

ಇದರ ಬೆಲೆಯನ್ನು ಅರಿಯಲು ರಾಯ್ ಅವರ ಬೇರೆ ಸಾಕ್ಷ್ಯಚಿತ್ರಗಳ ಪಕ್ಕದಲ್ಲಿಟ್ಟು ನೋಡಬೇಕು. ರವೀಂದ್ರರ ಜನ್ಮಶತಾಬ್ದಿಗಾಗಿ 1961ರಲ್ಲಿ ಮಾಡಿದ 'ರವೀಂದ್ರನಾಥ ಟಾಗೋರ್' 54 ನಿಮಿಷಗಳ ಗಂಭೀರ ಚಿತ್ರ. 1941ರ ಕಲ್ಕತ್ತೆಯ ಅಂತ್ಯಯಾತ್ರೆಯ ಜನಸಾಗರದಿಂದ ಅದು ಆರಂಭವಾಗುತ್ತದೆ. ಕವಿಯು ತನ್ನ ಎಂಬತ್ತನೆಯ ವರ್ಷದಲ್ಲಿ ನಾಗರಿಕತೆಯ ಬಿಕ್ಕಟ್ಟಿನ ಬಗ್ಗೆ ನೀಡಿದ ಸಂದೇಶದೊಡನೆ ಮುಗಿಯುತ್ತದೆ. ನಟರನ್ನು ಬಳಸಿ ತೋರಿಸಿದ ಬಾಲ್ಯದ ದೃಶ್ಯಗಳು ಬಹಳ ಸುಂದರವಾಗಿವೆ. ಆದರೂ ಅದು ರಾಷ್ಟ್ರವು ತನ್ನ ಕವಿಗೆ ಸಲ್ಲಿಸಿದ ಗೌರವವಂದನೆ. ನೋಡುವಾಗ ನಾವು ಎದ್ದು ನಿಲ್ಲಬೇಕೆನಿಸುತ್ತದೆಯೇ ಹೊರತು ಹತ್ತಿರ ಹೋಗಿ ಕೂರಬೇಕೆನಿಸುವುದಿಲ್ಲ. ಇನ್ನು 1987ರ 'ಸುಕುಮಾರ ರಾಯ್' ಅವರ ತಂದೆಯ ಕುರಿತದ್ದು. 1923ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಎರಡು ವರ್ಷ. ನೆನಪೇ ಇಲ್ಲದ ತಂದೆಯನ್ನು ಮಗನು ಭಾವಚಿತ್ರಗಳಿಂದಲೂ ನಗೆಬರಹಗಳಿಂದಲೂ ಕಟ್ಟಿಕೊಳ್ಳಬೇಕಾಯಿತು. ಅಲ್ಲಿ ಪ್ರೀತಿಯಿದೆ, ಕೆಲಸ ಮಾಡುವ ಕೈ ಮಾತ್ರ ಇರಲು ಸಾಧ್ಯವಿಲ್ಲ.

1976ರ 'ಬಾಲಾ' ನನ್ನನ್ನು ಹೆಚ್ಚು ಕಾಡುವ ಚಿತ್ರ. ಭರತನಾಟ್ಯದ ಮಹಾಕಲಾವಿದೆ ಬಾಲಸರಸ್ವತಿಯವರ ನೃತ್ಯವನ್ನು ರಾಯ್ ಅವರು ಮೊದಲು ನೋಡಿದ್ದು 1935ರಲ್ಲಿ, ಹದಿನಾಲ್ಕರ ಹುಡುಗನಾಗಿದ್ದಾಗ. ಚಿತ್ರ ಮಾಡುವ ಹೊತ್ತಿಗೆ ಆಕೆಗೆ ಐವತ್ತೆಂಟು. ಸಮುದ್ರತೀರದಲ್ಲಿ ಆಕೆ ಅಭಿನಯಿಸುವುದು ನಮ್ಮ ವ್ಯಾಸರಾಯರ ಕನ್ನಡ ಕೀರ್ತನೆಯನ್ನು, ಬಾಲಕೃಷ್ಣನನ್ನು ತಾಯಿ ಕರೆಯುವ ಆ ಪ್ರಸಿದ್ಧ ಪದವನ್ನು. ಗಾಳಿ ಬೀಸಿ ಸೀರೆ ಹಾರುತ್ತದೆ. ಅಲೆಗಳು ಆಕೆಯ ಹಿಂದೆ ಉರುಳುತ್ತವೆ. ಅಷ್ಟು ಚಿಕ್ಕ ಮುಖಭಾವಗಳಲ್ಲಿ ನಡೆಯುವ ಕಲೆಗೆ ಅಷ್ಟು ದೊಡ್ಡ ಕಡಲನ್ನು ಹಿನ್ನೆಲೆಯಾಗಿ ಇಟ್ಟದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಮುಂದೆ ಒಳಾಂಗಣದಲ್ಲಿ, ಯಾವ ಅಲಂಕಾರವೂ ಇಲ್ಲದ ಹಿನ್ನೆಲೆಯ ಮುಂದೆ ರಾಗಮಾಲಿಕೆಯ ವರ್ಣವನ್ನು ಆಕೆ ನರ್ತಿಸುವಾಗ ಕ್ಯಾಮರಾ ಸುಮ್ಮನಾಗುತ್ತದೆ, ಚಿತ್ರವು ಎತ್ತರಕ್ಕೆ ಏರುತ್ತದೆ. ಆದರೂ ಹತ್ತಿಪ್ಪತ್ತು ವರ್ಷ ಮೊದಲೇ ಯಾರಾದರೂ ಹೀಗೆ ಚಿತ್ರಿಸಬಾರದಿತ್ತೇ ಎಂಬ ಸಂಕಟ ನೋಡುಗರನ್ನು ಬಿಡುವುದಿಲ್ಲ.

ಫ್ರಾನ್ಸಿನಲ್ಲಿ ಕ್ಲೂಜೋ ಎಂಬ ನಿರ್ದೇಶಕರು 1956ರಲ್ಲಿ ಪಿಕಾಸೋ ಬಗ್ಗೆ ಮಾಡಿದ ಚಿತ್ರವನ್ನೂ ಇಲ್ಲಿ ನೆನೆಯಬಹುದು. ಮಸಿ ಹಿಂಬದಿಗೆ ಇಳಿಯುವ ಕಾಗದದ ಮೇಲೆ ಪಿಕಾಸೋ ಬರೆದರೆ ಕ್ಯಾಮರಾ ಆಚೆಬದಿಯಿಂದ ನೋಡಿತು. ಗೆರೆಗಳು ತಾವಾಗಿಯೇ ಹುಟ್ಟಿದಂತೆ ಕಂಡವು. ಅದ್ಭುತವೇ ಸರಿ. ಆದರೆ ಅಲ್ಲಿ ನಾವು ಮಾಂತ್ರಿಕನ ಆಟ ನೋಡಿದವರಂತೆ ಬೆರಗಾಗುತ್ತೇವೆ. ಬಿನೋದ್ ಬಿಹಾರಿಯವರ ಕೈ ಕಾಗದವನ್ನು ತಡವುವಾಗ ಆಗುವುದು ಬೇರೆ.

ನಮ್ಮಲ್ಲಿ ಗಿರೀಶ್ ಕಾರ್ನಾಡರು ದ.ರಾ. ಬೇಂದ್ರೆಯವರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದೂ ಅದೇ 1972ರಲ್ಲಿ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಅವರು ಕವಿತೆಯನ್ನು ಓದುತ್ತಿರಲಿಲ್ಲ, ಮೈಯೆಲ್ಲ ಆಡಿಸಿ ನುಡಿಸುತ್ತಿದ್ದರೆಂದು ಕೇಳಿದವರು ಇಂದಿಗೂ ಹೇಳುತ್ತಾರೆ. ಕವಿಯು ಬದುಕಿದ್ದಾಗಲೇ ಕ್ಯಾಮರಾ ಧಾರವಾಡಕ್ಕೆ ಹೋಯಿತೆಂಬುದೇ ಕನ್ನಡಿಗರ ಭಾಗ್ಯ. 1988ರಲ್ಲಿ ಕನಕ ಪುರಂದರರ ಬಗ್ಗೆ ಮಾಡಲು ಹೊರಟಾಗ ಕಾರ್ನಾಡರಿಗೆ ಭಾವಚಿತ್ರವೂ ಇರಲಿಲ್ಲ, ಧ್ವನಿಮುದ್ರಣವೂ ಇರಲಿಲ್ಲ.

ಓದುಗರೇ, ಇಷ್ಟೆಲ್ಲ ಹೇಳುವ ನಾನು ಈ ವಿಷಯದಲ್ಲಿ ನಿರಪರಾಧಿಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಊರಿನ ನಿವೃತ್ತ ಡ್ರಾಯಿಂಗ್ ಮಾಸ್ತರರ ಅಭಿನಂದನೆಗಾಗಿ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ವೀಡಿಯೋ ಚಿತ್ರ ಮಾಡಿದೆವು. ನಿರೂಪಣೆ ಬರೆದವನು ನಾನೇ. ನಲವತ್ತು ನಿಮಿಷ, ಒಂಬತ್ತು ಮಂದಿ ಭಾಷಣಕಾರರು, ಮೂರು ಸನ್ಮಾನಗಳು. ನನ್ನ ಬರೆಹದಲ್ಲಿ 'ಋಷಿಸದೃಶ' ಎಂಬ ಮಾತು ಎರಡು ಬಾರಿ ಬಂದಿತ್ತು. ಚಿತ್ರ ಮುಗಿದ ಮೇಲೆ ಹೇಗಿತ್ತೆಂದು ಕೇಳಿದಾಗ ಮಾಸ್ತರರು, "ಚೆನ್ನಾಗಿದೆ ಮಾರಾಯ, ಆದರೆ ಬೋರ್ಡು ಎಲ್ಲಿ?" ಎಂದರು. ನಾವು ನಕ್ಕೆವು. ಸೀಮೆಸುಣ್ಣದ ಒಂದು ತುಂಡಿನಿಂದ, ಕೈಯೆತ್ತದೆ, ಒಂದೇ ಗೆರೆಯಲ್ಲಿ ಓಡುವ ಕುದುರೆಯನ್ನು ಬರೆದು ಗಲಾಟೆಯ ತರಗತಿಯನ್ನು ಅವರು ಮೌನವಾಗಿಸುತ್ತಿದ್ದರು. ಆ ಕುದುರೆಯನ್ನು ಬರೆಯಿರಿ ಎಂದು ಕೇಳಲು ನಮಗೆ ಯಾರಿಗೂ ಹೊಳೆದಿರಲಿಲ್ಲ. ಮರುವರ್ಷ ಅವರು ತೀರಿಕೊಂಡರು.

'ದಿ ಇನ್ನರ್ ಐ' ನೋಡಿದ ರಾತ್ರಿ ಆ ಹಳೆಯ ಸಿ.ಡಿ.ಯನ್ನು ಹುಡುಕಿ ತೆಗೆದೆ. ಎರಡನೆಯ ಸನ್ಮಾನದ ವೇಳೆ, ಭಾಷಣ ನಡೆಯುತ್ತಿರುವಾಗ, ಮಾಸ್ತರರ ಬಲಗೈಯ ತೋರುಬೆರಳು ಕುರ್ಚಿಯ ತೋಳಿನ ಮೇಲೆ ಏನನ್ನೋ ಬರೆಯುತ್ತಿದೆ. ಎರಡು ಮೂರು ಸೆಕೆಂಡು ಕಾಣುತ್ತದೆ. ಅಷ್ಟರಲ್ಲಿ ಕ್ಯಾಮರಾ ಭಾಷಣಕಾರರ ಕಡೆಗೆ ತಿರುಗುತ್ತದೆ.